ಬೋಲ್ಟಿನ ಒಳಗಿನ ನಾರು: ಉಕ್ಕನ್ನು ಕಾಯಿಸದೆ ಒತ್ತಿದರೆ ಏನು ಲಾಭ?

ನನ್ನ ಮೇಜಿನ ಮೇಲೆ ಎರಡು ಬೋಲ್ಟ್‌ಗಳಿವೆ. ಎರಡೂ ಎಂ8, ಅಂದರೆ 8 ಮಿಲಿಮೀಟರ್ ದಪ್ಪ. ಉದ್ದ 40 ಮಿಲಿಮೀಟರ್. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಎರಡನ್ನೂ ಉದ್ದಕ್ಕೆ ಸರಿಯಾಗಿ ನಡುವೆ ಸೀಳಿದ್ದೇನೆ. ಸೀಳಿದ ಮುಖವನ್ನು ಫಳಫಳ ಹೊಳೆಯುವ ತನಕ ಉಜ್ಜಿ, ಬಿಸಿ ಆಸಿಡ್‌ನಲ್ಲಿ ಅದ್ದಿ ತೆಗೆದಿದ್ದೇನೆ. ಈಗ ಅಲ್ಲಿ ಸಣ್ಣ ಸಣ್ಣ ಗೆರೆಗಳು ಎದ್ದು ಕಾಣುತ್ತಿವೆ. ಸೌದೆ ಸೀಳಿದಾಗ ಒಳಗಿನ ನಾರು ಕಾಣುತ್ತದಲ್ಲ, ಹಾಗೆ.

ಮೊದಲನೇ ಬೋಲ್ಟಿನಲ್ಲಿ ಗೆರೆಗಳು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಹೋಗಿವೆ. ತಲೆ ಶುರುವಾಗುವ ಮೂಲೆಯಲ್ಲೂ ಅವು ತಿರುಗಿಲ್ಲ. ತಲೆಯ ಅಂಚಿನಲ್ಲಿರುವ ಗೆರೆಗಳು ಕೆಳಗೆ ಬಂದು ಥಟ್ಟನೆ ತುಂಡಾಗಿವೆ. ಎರಡನೆಯದರಲ್ಲಿ ಹಾಗಿಲ್ಲ. ಗೆರೆಗಳು ಕುತ್ತಿಗೆಯ ತನಕ ನೆಟ್ಟಗೆ ಬಂದು, ಅಲ್ಲಿಂದ ಎರಡೂ ಪಕ್ಕಕ್ಕೆ ಬಾಗಿ, ತಲೆಯ ತುಂಬ ಹರಡಿಕೊಂಡಿವೆ. ಎಲ್ಲೂ ಕಡಿದಿಲ್ಲ.

ಮೊದಲನೆಯದು ಲೇತ್‌ನಲ್ಲಿ, ಅಂದರೆ ಸರಳನ್ನು ತಿರುಗಿಸುತ್ತಾ ಬೇಡದ್ದನ್ನು ಕೆತ್ತಿ ತೆಗೆಯುವ ಮೆಷಿನ್ನಿನಲ್ಲಿ, ಕಡೆದದ್ದು. ಎರಡನೆಯದು ತಂತಿಯ ತುಂಡನ್ನು ಕಾಯಿಸದೆ ಒತ್ತಿ ಮಾಡಿದ್ದು. ಇದಕ್ಕೆ ಕಾರ್ಖಾನೆಗಳಲ್ಲಿ ಕೋಲ್ಡ್ ಫಾರ್ಮಿಂಗ್ ಅನ್ನುತ್ತಾರೆ. ಕೋಲಾರ ಜಿಲ್ಲೆಯ ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಬೋಲ್ಟ್ ತಪಾಸಣೆಯ ಕೆಲಸಕ್ಕೆ ಸೇರಿ ನನಗೆ ಹನ್ನೊಂದು ವರ್ಷವಾಯಿತು. ಹೊಸ ಹುಡುಗರು ಬಂದಾಗ ಮೊದಲು ಈ ಎರಡು ತುಂಡುಗಳನ್ನೇ ಅವರ ಕೈಗೆ ಕೊಡುತ್ತೇನೆ. ಈ ಗೆರೆಗಳು ಅರ್ಥವಾದರೆ ಮಿಕ್ಕಿದ್ದು ಸುಲಭ.

ನಮ್ಮ ಕಡೆ ಮರದ ನೇಗಿಲು ಮಾಡುವ ಬಡಗಿಗಳು ಬಾಗಿದ ಜಾಲಿ ಕೊಂಬೆಯನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ನೆಟ್ಟಗಿನ ದಪ್ಪ ದಿಮ್ಮಿಯನ್ನು ಕೆತ್ತಿ ಬಾಗು ತೆಗೆಯಬಹುದಿತ್ತಲ್ಲ? ತೆಗೆಯಬಹುದಿತ್ತು. ಆದರೆ ಆ ಬಾಗಿನಲ್ಲಿ ನಾರು ಅಡ್ಡ ಕಡಿದುಹೋಗುತ್ತದೆ. ಎತ್ತು ಜೋರಾಗಿ ಎಳೆದಾಗ ಕಲ್ಲೋ ಬೇರೋ ಅಡ್ಡ ಸಿಕ್ಕರೆ ಅಲ್ಲೇ ಸೀಳು ಬಿಡುತ್ತದೆ. ಹುಟ್ಟಿನಿಂದಲೇ ಬಾಗಿದ ಕೊಂಬೆಯಲ್ಲಿ ನಾರೂ ಬಾಗಿರುತ್ತದೆ. ಅದು ತಡೆಯುತ್ತದೆ.

ಉಕ್ಕಿನಲ್ಲೂ ಅಂಥದ್ದೇ ನಾರು ಇದೆ. ಎರಕವಾದ ಉಕ್ಕನ್ನು ರೋಲರ್‌ಗಳ ನಡುವೆ ಹಾಯಿಸಿ ಸರಳು, ತಂತಿ ಮಾಡುವಾಗ ಅದರೊಳಗಿನ ಹರಳುಗಳೂ ಸಣ್ಣ ಕಲ್ಮಶಗಳೂ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಆಸಿಡ್‌ನಲ್ಲಿ ಕಾಣುವುದು ಅದೇ. ಬೋಲ್ಟ್ ಸಾಮಾನ್ಯವಾಗಿ ಮುರಿಯುವುದು ಥ್ರೆಡ್‌ನ, ಅಂದರೆ ನಟ್ಟು ಹತ್ತುವ ಸುರುಳಿ ಏಣಿನ ಬುಡದಲ್ಲಿ, ಇಲ್ಲವೇ ತಲೆ ಮತ್ತು ಕಾಂಡ ಸೇರುವ ಮೂಲೆಯಲ್ಲಿ. ಒತ್ತಿ ಮಾಡಿದ ಬೋಲ್ಟಿನಲ್ಲಿ ಈ ಎರಡು ಜಾಗಗಳಲ್ಲೂ ನಾರು ಕಡಿಯದೆ ಆಕಾರದ ಜೊತೆ ತಿರುಗಿಕೊಂಡು ಹೋಗಿರುತ್ತದೆ.

ಇನ್ನು ಕಣ್ಣಿಗೆ ಕಾಣುವ ಲಾಭಕ್ಕೆ ಬರೋಣ. ಮಾಲೂರು ತಾಲ್ಲೂಕಿನಲ್ಲೇ ಶಿವಾರಪಟ್ಟಣ ಇದೆ. ವಿಗ್ರಹ ಕೆತ್ತುವವರ ಊರು. ಅಲ್ಲಿ ಹೋದರೆ ಪ್ರತಿ ಶಿಲ್ಪಿಯ ಸುತ್ತ ಕಲ್ಲಿನ ಚಕ್ಕೆಗಳ ರಾಶಿ. ಬೇಡದ್ದನ್ನು ತೆಗೆಯುತ್ತಾ ಹೋದರೆ ಬೇಕಾದ್ದು ಉಳಿಯುತ್ತದೆ. ಕಲ್ಲಿಗೆ ಬೇರೆ ದಾರಿ ಇಲ್ಲ. ಲೇತ್ ಕೂಡ ಕೆಲಸ ಮಾಡುವುದು ಹೀಗೇ. ಆದರೆ ಉಕ್ಕು ಕಲ್ಲಲ್ಲ. ಅದನ್ನು ಕುಂಬಾರನ ಮಣ್ಣಿನ ಹಾಗೆ ಇಲ್ಲಿಂದ ಅಲ್ಲಿಗೆ ಸರಿಸಬಹುದು.

ನನ್ನ ಮೇಜಿನ ಬೋಲ್ಟನ್ನೇ ಲೆಕ್ಕ ಹಾಕಿ. ತಲೆಯ ಎದುರುಬದುರು ಮುಖಗಳ ನಡುವೆ 13 ಮಿಲಿಮೀಟರ್, ತಲೆಯ ಎತ್ತರ 5.3 ಮಿಲಿಮೀಟರ್. ಲೇತ್‌ನಲ್ಲಿ ಮಾಡಬೇಕಾದರೆ 13 ಮಿಲಿಮೀಟರ್‌ನ ಆರು ಮುಖದ ಸರಳು ಬೇಕು. ಒಂದು ಬೋಲ್ಟಿಗೆ ಬೇಕಾಗುವ ತುಂಡು ಸುಮಾರು 52 ಗ್ರಾಂ ತೂಗುತ್ತದೆ. ಕಡೆದು ಮುಗಿದ ಮೇಲೆ ಬೋಲ್ಟಿನ ತೂಕ ಸುಮಾರು 19 ಗ್ರಾಂ. ಮಿಕ್ಕ 33 ಗ್ರಾಂ ಸುರುಳಿ ಚೂರಾಗಿ ಗುಜರಿಗೆ ಹೋಗುತ್ತದೆ. ದುಡ್ಡು ಕೊಟ್ಟು ತಂದ ಉಕ್ಕಿನಲ್ಲಿ ಅರ್ಧಕ್ಕಿಂತ ಜಾಸ್ತಿ!

ಒತ್ತಿ ಮಾಡುವಾಗ ಬೇಕಾಗುವುದು 7.1 ಮಿಲಿಮೀಟರ್ ದಪ್ಪದ ತಂತಿ (ಇದು 8 ಆಗುವುದು ಹೇಗೆಂದು ಮುಂದೆ ಹೇಳುತ್ತೇನೆ), ಸುಮಾರು 63 ಮಿಲಿಮೀಟರ್ ಉದ್ದ. ಅದರಲ್ಲಿ 40 ಕಾಂಡವಾಗುತ್ತದೆ, ಉಳಿದ 23 ಕುಗ್ಗಿ ತಲೆಯಾಗುತ್ತದೆ. ದುಂಡು ತಲೆಯ ಅಂಚು ಕತ್ತರಿಸಿ ಆರು ಮುಖ ಮಾಡುವಾಗ ಒಂದೂವರೆ ಗ್ರಾಂ ಒಳಗೆ ವ್ಯರ್ಥವಾಗುತ್ತದೆ, ಅಷ್ಟೇ. ಒಂದು ಲಕ್ಷ ಬೋಲ್ಟಿಗೆ ಲೇತ್ ದಾರಿಯಲ್ಲಿ 3,300 ಕಿಲೋ ಗುಜರಿ, ಈ ದಾರಿಯಲ್ಲಿ 150 ಕಿಲೋ ಮೀರದು.

ತಂತಿ ಬೋಲ್ಟ್ ಆಗುವುದನ್ನು ಒಮ್ಮೆ ಕಣ್ಣಾರೆ ನೋಡಬೇಕು. ತಲೆ ಒತ್ತುವ ಹೆಡರ್ ಮೆಷಿನ್ನಿನ ಒಂದು ತುದಿಯಲ್ಲಿ ದೊಡ್ಡ ತಂತಿ ಕಾಯಿಲ್ ತಿರುಗುತ್ತಿರುತ್ತದೆ. ರೋಲರ್‌ಗಳು ತಂತಿಯನ್ನು ನೆಟ್ಟಗೆ ಮಾಡಿ ಒಳಗೆ ತಳ್ಳುತ್ತವೆ. ಕತ್ತರಿ ಅಳತೆಗೆ ತುಂಡು ಮಾಡುತ್ತದೆ. ಕಬ್ಬಿಣದ ಬೆರಳುಗಳು ಆ ತುಂಡನ್ನು ಹಿಡಿದು ಮೊದಲ ಡೈ, ಅಂದರೆ ಅಚ್ಚಿನ ಮುಂದೆ ಇಡುತ್ತವೆ. ಪಂಚ್ ಬಂದು ಗುದ್ದುತ್ತದೆ. ತುದಿ ಈರುಳ್ಳಿಯಂತೆ ಉಬ್ಬುತ್ತದೆ. ಬೆರಳುಗಳು ಮತ್ತೆ ಹಿಡಿದು ಮುಂದಿನ ಡೈಗೆ ಸಾಗಿಸುತ್ತವೆ. ಎರಡನೇ ಗುದ್ದಿಗೆ ಚಪ್ಪಟೆ ದುಂಡು ತಲೆ. ಮೂರನೆಯದಕ್ಕೆ ಆರು ಮುಖ. ನಿಮಿಷಕ್ಕೆ ನೂರಕ್ಕಿಂತ ಜಾಸ್ತಿ ತುಂಡುಗಳು ಹೀಗೆ ಉದುರುತ್ತವೆ. ಲೇತ್‌ನಲ್ಲಿ ಅಷ್ಟು ಹೊತ್ತಿಗೆ ಒಂದೆರಡು ಆದರೆ ದೊಡ್ಡದು.

ಒಂದೇ ಗುದ್ದಿಗೆ ತಲೆ ಮಾಡಬಾರದೇ ಅಂತ ಕೇಳುತ್ತಾರೆ. ಅದಕ್ಕೊಂದು ಮಿತಿ ಇದೆ. ಡೈಯಿಂದ ಹೊರಗೆ ನಿಂತ ತಂತಿ ಅದರ ದಪ್ಪದ ಸುಮಾರು ಎರಡೂಕಾಲು ಪಟ್ಟಿಗಿಂತ ಉದ್ದವಿದ್ದರೆ, ಗುದ್ದಿದಾಗ ಅದು ಕುಗ್ಗುವ ಬದಲು ಪಕ್ಕಕ್ಕೆ ಬಾಗುತ್ತದೆ. ತೆಳ್ಳನೆಯ ಬಿದಿರು ಕಡ್ಡಿಯನ್ನು ನಿಲ್ಲಿಸಿ ಮೇಲಿಂದ ಒತ್ತಿ ನೋಡಿ, ಗೊತ್ತಾಗುತ್ತದೆ. ನಮ್ಮ ಲೆಕ್ಕದಲ್ಲಿ 23ನ್ನು 7.1ರಿಂದ ಭಾಗಿಸಿದರೆ ಮೂರಕ್ಕಿಂತ ಜಾಸ್ತಿ. ಅದಕ್ಕೇ ಮೊದಲು ಈರುಳ್ಳಿ, ಆಮೇಲೆ ತಲೆ.

ಹೊಸಬರಿಗೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಆಗಷ್ಟೇ ಬಿದ್ದ ಬೋಲ್ಟನ್ನು ಬರಿಗೈಯಲ್ಲಿ ಹಿಡಿಯಕ್ಕಾಗಲ್ಲ, ಅಷ್ಟು ಬಿಸಿ. ಒತ್ತುವ ಶಕ್ತಿಯೇ ಒಳಗೆ ಶಾಖವಾಗುತ್ತದೆ. ಹಾಗಾದರೆ ಇದು ಕೋಲ್ಡ್ ಹೇಗಾಯಿತು? ಇಲ್ಲಿ ತಣ್ಣಗೆ, ಬಿಸಿ ಅನ್ನುವುದನ್ನು ಕೈ ತೀರ್ಮಾನಿಸುವುದಿಲ್ಲ, ಲೋಹ ತೀರ್ಮಾನಿಸುತ್ತದೆ. ಒತ್ತಿ ನುಜ್ಜಾದ ಹರಳುಗಳು ಒಂದು ಶಾಖ ದಾಟಿದರೆ ತಾವಾಗಿ ಹೊಸದಾಗಿ ಬೆಳೆದು ಮೆದುವಾಗುತ್ತವೆ. ಆ ಶಾಖಕ್ಕಿಂತ ಕೆಳಗೆ ಮಾಡಿದ್ದೆಲ್ಲ ಕೋಲ್ಡ್. ಉಕ್ಕಿಗೆ ಅದು ಸರಿಸುಮಾರು 450ರಿಂದ 700 ಡಿಗ್ರಿ. ಸೀಸಕ್ಕೆ ಮನೆಯೊಳಗಿನ ಸಾಮಾನ್ಯ ಶಾಖವೇ ಸಾಕು. ಆದ್ದರಿಂದ ಸೀಸವನ್ನು ಎಷ್ಟು ಬಡಿದರೂ ಅದು ಗಟ್ಟಿಯಾಗುವುದಿಲ್ಲ.

ಗಟ್ಟಿಯಾಗುವ ಈ ಗುಣವೇ ಇಡೀ ವಿಷಯದ ಜೀವಾಳ. ಸ್ವಲ್ಪ ನಿಧಾನವಾಗಿ ನೋಡೋಣ.

ಕೋಲಾರದವರಾಗಿ ಲೋಹದ ಮಾತಾಡುವಾಗ ಚಿನ್ನ ಬಿಡಲಾದೀತೇ? ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚಿತು. ಅಕ್ಕಸಾಲಿಗರ ಕೆಲಸ ಇನ್ನೂ ಇದೆ. ಅವರು ತಂತಿ ಎಳೆಯುವುದನ್ನು ನೋಡಿದ್ದೀರಾ? ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿ ಇರುತ್ತದೆ. ಒಂದು ತೂತಿಗಿಂತ ಮುಂದಿನದು ಸಣ್ಣದು. ತಂತಿಯನ್ನು ಒಂದೊಂದರಲ್ಲಿ ಎಳೆಯುತ್ತಾ ಹೋಗುತ್ತಾರೆ. ಕೆಲವು ತೂತು ದಾಟಿದ ಮೇಲೆ ತಂತಿ ಬಿರುಸಾಗುತ್ತದೆ. ಇನ್ನು ಎಳೆದರೆ ತುಂಡಾಗುತ್ತದೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ಆಗ ಅದನ್ನು ಉರಿಯಲ್ಲಿ ಕಾಯಿಸುತ್ತಾರೆ. ಮತ್ತೆ ಮೆದು. ಮತ್ತೆ ಎಳೆತ. ನಮ್ಮ ಕಾರ್ಖಾನೆಯ ಕೆಲಸದ ತಿರುಳು ಆ ಚಿಕ್ಕ ಅಂಗಡಿಯಲ್ಲೇ ಇದೆ.

ಬಿರುಸು ಯಾಕೆ ಬರುತ್ತದೆ? ಮದುವೆ ಛತ್ರದಲ್ಲಿ ಹಾಸಿದ ದೊಡ್ಡ ಜಮಖಾನ ನೆನಪಿಸಿಕೊಳ್ಳಿ. ಅದನ್ನು ಒಂದಡಿ ಸರಿಸಬೇಕು. ತುದಿ ಹಿಡಿದು ಎಳೆದರೆ ಜಗ್ಗುವುದಿಲ್ಲ. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ, ಆ ಮಡಿಕೆಯನ್ನು ಕಾಲಲ್ಲಿ ತಳ್ಳುತ್ತಾ ಇನ್ನೊಂದು ತುದಿಗೆ ಒಯ್ದರೆ ಸುಲಭವಾಗಿ ಸರಿಯುತ್ತದೆ. ಲೋಹದ ಹರಳಿನಲ್ಲಿ ಪರಮಾಣುಗಳ ಸಾಲು ಸರಿಯುವುದೂ ಹೀಗೆ ಮಡಿಕೆಯ ಮೂಲಕ. ಈ ಮಡಿಕೆಗೆ ಡಿಸ್‌ಲೊಕೇಷನ್ ಅನ್ನುತ್ತಾರೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಇದೇ ವಿಚಾರ ಮುಂದಿಟ್ಟರು. ಲೋಹವನ್ನು ಒತ್ತಿದಷ್ಟೂ ಮಡಿಕೆಗಳು ಹೆಚ್ಚುತ್ತವೆ. ಹತ್ತು ದಿಕ್ಕಿನಿಂದ ಬಂದ ಮಡಿಕೆಗಳು ಒಂದಕ್ಕೊಂದು ಅಡ್ಡವಾಗಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಯಾವುದೂ ಮುಂದೆ ಹೋಗುವುದಿಲ್ಲ. ಲೋಹ ಸುಲಭಕ್ಕೆ ಬಗ್ಗುವುದಿಲ್ಲ. ಇದೇ ಬಿರುಸು, ಇದೇ ಬಲ.

ಮನೆ ಕಟ್ಟಿಸಿದ ಹಿರಿಯರಿಗೆ ಇದರ ಒಂದು ಉದಾಹರಣೆ ಚೆನ್ನಾಗಿ ಗೊತ್ತು. ಈಗಿನ ಟಿಎಂಟಿ ಕಂಬಿ ಬರುವ ಮೊದಲು ಟಾರ್ ಕಂಬಿ ಇತ್ತು. ಹಗ್ಗದ ಹಾಗೆ ಹುರಿಗೊಂಡಿರುತ್ತಿತ್ತು. ಆ ಹುರಿ ಅಂದಕ್ಕೆ ಸುಮ್ನೆ ಹಾಕಿದ್ದಲ್ಲ. ಕಂಬಿಯನ್ನು ತಣ್ಣಗಿರುವಾಗಲೇ ತಿರುಚಿ ಗಟ್ಟಿ ಮಾಡುತ್ತಿದ್ದರು. ಸಾದಾ ನುಣುಪು ಕಂಬಿ ಒಂದು ಚದರ ಮಿಲಿಮೀಟರಿಗೆ 250 ನ್ಯೂಟನ್ ಎಳೆತಕ್ಕೆ ಶಾಶ್ವತವಾಗಿ ಹಿಗ್ಗಲು ಶುರುವಾದರೆ, ಟಾರ್ ಕಂಬಿ 415 ತನಕ ತಡೆಯುತ್ತಿತ್ತು. ಅದಕ್ಕೊಂದು ಕೊರತೆಯೂ ಇತ್ತು. ತಿರುಚಿದ ಬಿಗಿ ಒಳಗೇ ಉಳಿಯುತ್ತಿತ್ತು, ಬಾಗುವ ಗುಣ ಕಡಿಮೆಯಾಗುತ್ತಿತ್ತು. ಟಿಎಂಟಿ ಬಂದ ಮೇಲೆ ಅದು ಹಿಂದೆ ಸರಿಯಲು ಇದೂ ಒಂದು ಕಾರಣ. ಒಳಗೆ ಉಳಿಯುವ ಬಿಗಿಯ ಮಾತಿಗೆ ಮತ್ತೆ ಬರುತ್ತೇನೆ.

ಈಗ ಥ್ರೆಡ್. ನನ್ನ ಪ್ರಕಾರ ಒತ್ತುವ ವಿಧಾನದ ನಿಜವಾದ ಗೆಲುವು ಇರುವುದು ಇಲ್ಲೇ. ತಲೆ ಮೂಡಿದ ತುಂಡನ್ನು ಎರಡು ಚಪ್ಪಟೆ ಡೈಗಳ ನಡುವೆ ಉರುಳಿಸುತ್ತಾರೆ. ಒಂದು ಡೈ ನಿಂತಿರುತ್ತದೆ, ಇನ್ನೊಂದು ಚಲಿಸುತ್ತದೆ. ಎರಡು ಅಂಗೈ ನಡುವೆ ದೀಪದ ಬತ್ತಿ ಹೊಸೆದ ಹಾಗೆ. ಡೈ ಮೇಲಿನ ಏಣುಗಳು ಕಾಂಡಕ್ಕೆ ಒತ್ತಿಕೊಂಡಾಗ ಕಣಿವೆ ಮೂಡುತ್ತದೆ. ಅಲ್ಲಿಂದ ತಳ್ಳಿಸಿಕೊಂಡ ಉಕ್ಕು ಪಕ್ಕದಲ್ಲಿ ಮೇಲೆದ್ದು ಏಣಾಗುತ್ತದೆ. 7.1 ಮಿಲಿಮೀಟರ್ ಕಾಂಡದ ಮೇಲೆ 8 ಮಿಲಿಮೀಟರ್ ಥ್ರೆಡ್ ಬರುವುದು ಹೀಗೆ. ಒಂದು ಚೂರು ಉಕ್ಕೂ ಹಾಳಾಗುವುದಿಲ್ಲ.

ಬಲದ ಲೆಕ್ಕದಲ್ಲಿ ಇದು ಇನ್ನೂ ದೊಡ್ಡದು. ಕತ್ತರಿಸಿ ಮಾಡಿದ ಥ್ರೆಡ್‌ನ ಬುಡದಲ್ಲಿ ಟೂಲ್ ಎಳೆದ ಸಣ್ಣ ಗೀರುಗಳಿರುತ್ತವೆ. ಬಿರುಕು ಹುಟ್ಟಲು ಅಷ್ಟು ಸಾಕು. ಒತ್ತಿ ಮಾಡಿದ ಬುಡ ನುಣುಪಾಗಿರುತ್ತದೆ. ಜೊತೆಗೆ ಅಲ್ಲಿನ ಉಕ್ಕು ಒತ್ತಿಸಿಕೊಂಡ ಸ್ಥಿತಿಯಲ್ಲೇ ಉಳಿದಿರುತ್ತದೆ. ಬಿರುಕು ಬಾಯಿ ಬಿಡಬೇಕಾದರೆ ಮೊದಲು ಆ ಒತ್ತಡವನ್ನು ಗೆಲ್ಲಬೇಕು. ನಮ್ಮ ಹಳ್ಳಿ ದಾರಿಗಳಲ್ಲಿ ದಿನವಿಡೀ ಕುಲುಕುವ ಸ್ಕೂಟರನ್ನು ಯೋಚಿಸಿ. ಅದರ ಬೋಲ್ಟ್‌ಗಳಿಗೆ ಒಂದು ದೊಡ್ಡ ಎಳೆತಕ್ಕಿಂತ ಲಕ್ಷಾಂತರ ಸಣ್ಣ ಅಲುಗಾಟಗಳೇ ಶತ್ರು. ಅಂಥ ಕಡೆ ಒತ್ತಿದ ಥ್ರೆಡ್ ಕತ್ತರಿಸಿದ್ದಕ್ಕಿಂತ ಜಾಸ್ತಿ ಕಾಲ ಬಾಳುತ್ತದೆ.

ಇಷ್ಟೆಲ್ಲ ಲಾಭ ತಾನಾಗಿ ಬರುವುದಿಲ್ಲ. ತಂತಿ ಸರಿಯಿಲ್ಲದಿದ್ದರೆ ಯಾವ ಮೆಷಿನ್ನೂ ಕೈಹಿಡಿಯದು. ಇದನ್ನು ನಾನು ಕಲಿತ ದಿನ ಮರೆಯುವ ಹಾಗಿಲ್ಲ.

ಒಂದು ಸಂಜೆ ಪಾಳಿಯಲ್ಲಿ ಹೆಡರ್ ಓಡಿಸುತ್ತಿದ್ದ ಮುಳಬಾಗಿಲು ಕಡೆಯ ಹುಡುಗ ಬಂದು, "ಸಾರ್, ಮೆಷಿನ್ ಸದ್ದು ಬೇರೆ ಥರ ಐತೆ. ವೈರ್ ಗಟ್ಟಿ ಇರಬೇಕು" ಅಂದ. ನಾನು ಅಳತೆ ನೋಡಿದೆ. ತಲೆ ಸರಿ, ಕಾಂಡ ಸರಿ. ಓಡಿಸು ಅಂದೆ. ಬೆಳಿಗ್ಗೆ ಬಂದು ಭೂತಗನ್ನಡಿಯಲ್ಲಿ ನೋಡಿದರೆ ತಲೆಯ ಪಕ್ಕದಲ್ಲಿ ಓರೆಯಾಗಿ ಸಣ್ಣ ಬಿರುಕುಗಳು. ಒಂದೆರಡರಲ್ಲಿ ಅಲ್ಲ, ಡಬ್ಬಿ ಡಬ್ಬಿಗಳಲ್ಲಿ. ಮೊದಲು ಡೈ ಮೇಲೆ ಅನುಮಾನಪಟ್ಟು ಡೈ ಬದಲಿಸಿದೆವು. ಬಿರುಕು ನಿಲ್ಲಲಿಲ್ಲ. ಕೊನೆಗೆ ತಂತಿಯ ತುಂಡನ್ನು ಉಜ್ಜಿ ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ವಿಷಯ ಬಯಲಾಯಿತು. ಹದ ಮಾಡಲು ಹೊರಗೆ ಕಳಿಸಿದ್ದ ಕಾಯಿಲ್‌ಗಳು ಅರೆಬೆಂದು ಬಂದಿದ್ದವು. ಇಡೀ ಪಾಳಿಯ ಮಾಲು ಗುಜರಿಗೆ ಹೋಯಿತು. ಆ ಹುಡುಗನ ಕಿವಿ ನನ್ನ ಗೇಜಿಗಿಂತ ಮೊದಲೇ ಹೇಳಿತ್ತು.

ಹದ ಅಂದರೆ ಏನು? ಉಕ್ಕಿನಲ್ಲಿ ಇಂಗಾಲ ಸೇರಿದ ಗಟ್ಟಿ ಭಾಗ ಸಾಮಾನ್ಯವಾಗಿ ತೆಳುವಾದ ಹಾಳೆಗಳಂತೆ ಪದರ ಪದರವಾಗಿರುತ್ತದೆ. ಹಾಳೆಗಳು ಅಡ್ಡ ಇದ್ದರೆ ಲೋಹ ಹರಿಯುವುದು ಕಷ್ಟ. 700 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಆ ಹಾಳೆಗಳು ಒಡೆದು ಸಾಸಿವೆ ಕಾಳಿನಂತೆ ದುಂಡಗಾಗುತ್ತವೆ. ಆಗ ಮೆದು ಕಬ್ಬಿಣ ಕಾಳುಗಳ ಸುತ್ತ ಆರಾಮವಾಗಿ ಹರಿಯುತ್ತದೆ. ನಮ್ಮ ತಂತಿಯಲ್ಲಿ ಕಾಳಿನ ಜೊತೆ ಹಾಳೆಗಳೂ ಉಳಿದಿದ್ದವು.

ತಂತಿಗೆ ಇನ್ನೊಂದು ಉಪಚಾರವೂ ಆಗಬೇಕು. ಡೈ ಒಳಗಿನ ಒತ್ತಡಕ್ಕೆ ಎಣ್ಣೆ ಮಾತ್ರ ನಿಲ್ಲುವುದಿಲ್ಲ, ಹಿಂಡಿ ಹೋಗುತ್ತದೆ. ಉಕ್ಕಿಗೆ ಉಕ್ಕು ತಾಗಿದರೆ ಎರಡೂ ಕಚ್ಚಿಕೊಂಡು ಕಿತ್ತುಬರುತ್ತವೆ. ಅದಕ್ಕೆ ತಂತಿಯ ಮೇಲೆ ಜಿಂಕ್ ಫಾಸ್ಫೇಟ್‌ನ ತೆಳು ಪದರ ಬೆಳೆಸುತ್ತಾರೆ. ಅದು ಸಣ್ಣ ಹರಳುಗಳ ಒರಟು ಪದರ. ಅದರ ಮೇಲೆ ಸೋಪು. ಹರಳುಗಳು ಸೋಪನ್ನು ಬಿಡದೆ ಹಿಡಿದುಕೊಳ್ಳುತ್ತವೆ. 1930ರ ದಶಕದಲ್ಲಿ ಜರ್ಮನಿಯಲ್ಲಿ ಈ ಉಪಾಯ ಬಂದ ಮೇಲೆಯೇ ಉಕ್ಕನ್ನು ತಣ್ಣಗೆ ಆಳವಾಗಿ ಒತ್ತುವುದು ಸಾಧ್ಯವಾಯಿತು. ಸೋಪಿನ ಪದರ ಅಂದರೆ ಕೆಲವರು ಹಗುರವಾಗಿ ನೋಡುತ್ತಾರೆ. ನಾನು ಹಾಗೆ ನೋಡಲಾರೆ.

ಈ ವಿಧಾನದ ಬಗ್ಗೆ ಮಾತಾಡುವಾಗ "ಕುಲುಮೆಯೇ ಬೇಡ, ವಿದ್ಯುತ್ ಉಳಿತಾಯ" ಅನ್ನುವ ಮಾತು ಕೇಳುತ್ತದೆ. ಅದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಬಿಸಿ ಫೋರ್ಜಿಂಗ್‌ನಲ್ಲಿ ಉಕ್ಕನ್ನು ಸುಮಾರು 1,200 ಡಿಗ್ರಿಗೆ ಕಾಯಿಸಬೇಕು. ಮೈ ಮೇಲೆ ಸುಟ್ಟ ಹೊಪ್ಪಳೆ ಏಳುತ್ತದೆ, ತಣಿಯುವಾಗ ಅಳತೆ ಕುಗ್ಗುತ್ತದೆ. ತಣ್ಣಗೆ ಒತ್ತಿದಾಗ ಇವೆರಡೂ ಇಲ್ಲ. ಮೈ ನುಣುಪು, ಅಳತೆ ನಿಖರ. ಹೆಚ್ಚಿನ ಕಡೆ ಮತ್ತೆ ಕಡೆಯುವ ಕೆಲಸವೇ ಬೀಳುವುದಿಲ್ಲ. ಆದರೆ ತಂತಿಯನ್ನು ಹದ ಮಾಡಲು ಮೊದಲೇ ಕುಲುಮೆ ಬೇಕಾಯಿತಲ್ವಾ? ಕೆಲವು ಬೋಲ್ಟ್‌ಗಳಿಗೆ ಆಮೇಲೂ ಬೇಕು.

ಬೋಲ್ಟಿನ ತಲೆ ಮೇಲೆ 8.8 ಅಂತ ಬರೆದಿರುವುದನ್ನು ನೋಡಿರುತ್ತೀರಿ. ಆ ಅಂಕಿಯನ್ನೂ ಪಂಚ್ ತಲೆ ಒತ್ತುವಾಗಲೇ ಮೂಡಿಸುತ್ತದೆ. ಮೊದಲ 8 ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದ ಬಲ. ಚುಕ್ಕಿಯ ನಂತರದ 8 ಅಂದರೆ ಅದರ 80 ಶೇಕಡಾ ತನಕ ಬೋಲ್ಟ್ ಶಾಶ್ವತವಾಗಿ ಹಿಗ್ಗುವುದಿಲ್ಲ. ನಮ್ಮ ಬೆರಳು ಗಾತ್ರವೂ ಇಲ್ಲದ ಎಂ8 ಬೋಲ್ಟ್ ಈ ದರ್ಜೆಯದಾದರೆ ಹತ್ತಿರ ಹತ್ತಿರ 3 ಟನ್ ಭಾರ ತಡೆಯುತ್ತದೆ. 4.8, 5.8ರಂಥ ದರ್ಜೆಗೆ ಒತ್ತಿದಾಗ ಬಂದ ಬಿರುಸೇ ಸಾಕಾಗುತ್ತದೆ. 8.8ಕ್ಕೆ ಸಾಲದು. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಲೇಬೇಕು. ಒತ್ತಲು ಮೆದುವಾಗಿರಬೇಕು, ಕಾಯಿಸಿ ಅದ್ದಿದಾಗ ಗಟ್ಟಿಯಾಗಬೇಕು. ಈ ಎರಡೂ ಬೇಕಾದ ಕಡೆ ಬೋರಾನ್ ಸೇರಿಸಿದ ಉಕ್ಕು ಬಳಸುತ್ತಾರೆ. ಒಂದು ಟನ್ನಿಗೆ 10ರಿಂದ 30 ಗ್ರಾಂ ಬೋರಾನ್, ಒಂದು ಚಿಟಿಕೆಯ ಲೆಕ್ಕ. ಅಷ್ಟರಿಂದಲೇ ಇಂಗಾಲ ಕಡಿಮೆ ಇಟ್ಟರೂ ಬೋಲ್ಟ್ ಒಳಗಿನ ತನಕ ಗಟ್ಟಿಯಾಗುತ್ತದೆ.

ಒಳಗೆ ಉಳಿಯುವ ಬಿಗಿಯ ಮಾತಿಗೆ ಬರುತ್ತೇನೆ ಅಂದಿದ್ದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೈನ್ಯದ ಉಗ್ರಾಣಗಳಲ್ಲಿ ಇಟ್ಟಿದ್ದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರುಕು ಬಿಡುತ್ತಿದ್ದವು. ಯಾರೂ ಮುಟ್ಟಿರಲಿಲ್ಲ. ತೋಟಾದ ಕೊಳವೆಯನ್ನು ತಣ್ಣಗೆ ಎಳೆದು ಮಾಡಿದ್ದರಿಂದ ಒಳಗೆ ಬಿಗಿ ಉಳಿದಿತ್ತು. ಕುದುರೆ ಲಾಯಗಳಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿ ಆ ಬಿಗಿ ಇದ್ದ ಕಡೆಯೇ ಹಿತ್ತಾಳೆಯನ್ನು ತಿನ್ನುತ್ತಿತ್ತು. ಕಾರಣ ಖಚಿತವಾದದ್ದು 1921ರಲ್ಲಿ. ಪರಿಹಾರ ಸರಳವಾಗಿತ್ತು. ಎಳೆದ ಮೇಲೆ ಒಮ್ಮೆ ಹದವಾಗಿ ಕಾಯಿಸಿ ಬಿಗಿ ಬಿಡಿಸುವುದು. ಥ್ರೆಡ್‌ನ ಬುಡದಲ್ಲಿ ಕಾಪಾಡುವ ಬಿಗಿಯೇ ಬೇರೆ ಕಡೆ, ಬೇರೆ ದಿಕ್ಕಿನಲ್ಲಿ ಉಳಿದರೆ ಹೀಗೆ ಕೆಡಿಸುತ್ತದೆ.

ಯಾರಿಗೆ ಈ ವಿಧಾನ ಬೇಡ? ನೂರೋ ಇನ್ನೂರೋ ತುಂಡು ಬೇಕಾದವರಿಗೆ ಬೇಡ. ಡೈ, ಪಂಚ್‌ಗಳ ಖರ್ಚು ದೊಡ್ಡದು. ಮೆಷಿನ್ ಹೊಂದಿಸಲು ಗಂಟೆಗಳು ಬೇಕು. ಆ ಖರ್ಚು ಸಾವಿರಾರು ತುಂಡುಗಳ ಮೇಲೆ ಹಂಚಿದಾಗ ಮಾತ್ರ ಲೆಕ್ಕ ಕೂಡುತ್ತದೆ. ಅಡ್ಡ ತೂತು, ಒಳಕ್ಕೆ ಕೊರೆದ ತೋಡು ಇರುವ ತುಂಡುಗಳಿಗೆ ಲೇತ್ ಬಿಟ್ಟು ಗತಿಯಿಲ್ಲ. ಬೀಡು ಕಬ್ಬಿಣ ಒತ್ತಿದರೆ ಒಡೆಯುತ್ತದೆ. ಆದರೆ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತಲ್ಲ, ಅಂಥ ಕಡೆ ಒಂದೇ ಥರದ ಸಣ್ಣ ಭಾಗ ಲಕ್ಷಗಟ್ಟಲೆ ಬೇಕು. ಸ್ಪಾರ್ಕ್ ಪ್ಲಗ್‌ನ ಉಕ್ಕಿನ ಕವಚ, ಬೇರಿಂಗ್‌ನ ಗುಂಡು, ರಿವೆಟ್ ಎಲ್ಲ ಒತ್ತಿ ಮಾಡುವಂಥವೇ. ನಮ್ಮ ಜಿಲ್ಲೆಯ ಸಣ್ಣ ವರ್ಕ್‌ಶಾಪ್‌ನವರಿಗೆ ನಾನು ಹೇಳುವುದಿಷ್ಟು. ದೊಡ್ಡ ಆರ್ಡರ್ ಬಂದಾಗ ಸರಳನ್ನು ಲೇತ್‌ಗೆ ಕಟ್ಟುವ ಮೊದಲು ಆ ನಕ್ಷೆಯನ್ನು ಹೆಡರ್ ಇರುವವರ ಹತ್ತಿರ ಒಮ್ಮೆ ತೋರಿಸಿ. ಪೂರ್ತಿ ಆಗದಿದ್ದರೂ ಮುಕ್ಕಾಲು ಆಕಾರ ಒತ್ತಿಸಿಕೊಂಡು, ಉಳಿದದ್ದನ್ನು ನೀವೇ ಕಡೆಯಬಹುದು.

ಒತ್ತಿದ ಥ್ರೆಡ್ಡನ್ನು ಗುರುತಿಸಲು ಆಸಿಡ್ ಬೇಕಿಲ್ಲ. ಗ್ಯಾರೇಜಿನಲ್ಲಿ ಬಿದ್ದಿರುವ ಅರ್ಧ ಥ್ರೆಡ್‌ನ ಬೋಲ್ಟ್ ಒಂದನ್ನು ಎತ್ತಿಕೊಳ್ಳಿ. ಥ್ರೆಡ್ ಇಲ್ಲದ ನುಣುಪು ಭಾಗದಿಂದ ಥ್ರೆಡ್ ಕಡೆಗೆ ಬೆರಳು ಸವರಿ. ನುಣುಪು ಭಾಗ ತೆಳ್ಳಗಿದ್ದು, ಥ್ರೆಡ್ ಶುರುವಾಗುವ ಕಡೆ ಬೆರಳು ಸ್ವಲ್ಪ ಮೇಲೆ ಹತ್ತಿದ ಹಾಗಾದರೆ ಅದು ಒತ್ತಿದ ಥ್ರೆಡ್. ಎರಡೂ ಒಂದೇ ಮಟ್ಟದಲ್ಲಿದ್ದರೆ ಅಷ್ಟರಿಂದ ತೀರ್ಮಾನಿಸಬೇಡಿ, ಒತ್ತಿ ಮಾಡಿದ್ದರಲ್ಲೂ ಹಾಗಿರುವುದುಂಟು. ಆಗ ಭೂತಗನ್ನಡಿ ಹಿಡಿದು ಥ್ರೆಡ್‌ನ ತುದಿಯ ಏಣು ನೋಡಿ. ಎರಡು ಪಕ್ಕದಿಂದ ಮೇಲೆದ್ದ ಉಕ್ಕು ಸೇರಿದ ಕಡೆ ಕೂದಲಿನಂಥ ಒಂದು ಗೆರೆ ಕಂಡರೆ, ಅದು ಹೊಸೆದು ಬಂದದ್ದು.